ಮೋಡದ ಕಾಡಿಗೆ ಹೋಗುವವರು

ಮಳೆಗಾಲದ ಶುಕ್ರವಾರ ರಾತ್ರಿಗಳಲ್ಲಿ ಇಂದಿರಾನಗರ, ಹಲಸೂರು, ಕೆ.ಆರ್. ಪುರದ ತರುಣರು ಬಸ್ಸು ಹತ್ತಿ ಕುದುರೆಮುಖದ ಕಡೆಗೆ ಹೊರಡುತ್ತಾರೆ. ಹೋಗುವುದು ಮೋಡವನ್ನು ನೋಡಲು. ಅದೇ ಚಾತುರ್ಮಾಸದಲ್ಲಿ ಮುನಿಗಳು ವಿಹಾರವನ್ನು ನಿಲ್ಲಿಸಿ ಒಂದೆಡೆ ನೆಲೆಸುತ್ತಾರೆ. ನೆಲದ ಮೇಲೆ ಜೀವರಾಶಿ ಹೆಚ್ಚಿರುವ ಕಾಲವದು. ಶ್ರಾವಕನಿಗೆ ಆ ನಿರ್ಬಂಧವಿಲ್ಲ. ಆದರೆ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಒಂದು ಬಗೆಯಾದ ಪ್ರಮಾದಚರ್ಯೆಯನ್ನು ಹೇಳುವಾಗ, ವ್ಯರ್ಥವಾಗಿ ನೆಲ ಅಗೆಯುವುದು, ಗಿಡ ಕಡಿಯುವುದು ಮುಂತಾದವುಗಳ ಜೊತೆಗೆ ತಾನು ಅಲೆಯುವುದನ್ನೂ ಇತರರನ್ನು ಅಲೆಸುವುದನ್ನೂ ಸೇರಿಸಿದ್ದಾರೆ. (ಪ್ರವಾಸ ಏರ್ಪಡಿಸುವ ವ್ಯಾಪಾರಿಗಳು ಎರಡನೆಯ ಮಾತನ್ನು ಗಮನಿಸಬೇಕು.) ಹಾಗಾದರೆ ಕಾಡನ್ನು ನೋಡುವುದು ಪ್ರಯೋಜನವೋ, ಬರಿಯ ಅಲೆದಾಟವೋ?

ನೋಡತಕ್ಕ ಕಾಡೆಂಬುದರಲ್ಲಿ ಸಂದೇಹವಿಲ್ಲ. ಅರಬ್ಬೀ ಸಮುದ್ರದ ತೇವಗಾಳಿ ಘಟ್ಟಕ್ಕೆ ತಾಗಿ ಮೇಲೇರಿ, ತಣಿದು ಮೋಡವಾಗುತ್ತದೆ. ಹುಲ್ಲುಗುಡ್ಡಗಳ ನಡುವಣ ಕಣಿವೆಗಳಲ್ಲಿ ಶೋಲಾ ಕಾಡು: ಗಿಡ್ಡ ಮರಗಳು, ಕಾಂಡದ ತುಂಬ ಹಾವಸೆ, ಜರೀಗಿಡ, ಸೀತಾಳೆ. ಎಲೆಗಳೂ ಹಾವಸೆಯೂ ಮಂಜಿನ ಹನಿಯನ್ನು ಹಿಡಿದು ನೆಲಕ್ಕಿಳಿಸುತ್ತವೆ. ನೆಲವು ಅದನ್ನು ಮಳೆ ನಿಂತ ಮೇಲೂ ತೊರೆಗಳಿಗೆ ಮೆಲ್ಲನೆ ಬಿಡುತ್ತದೆ. ತುಂಗಾ, ಭದ್ರಾ, ನೇತ್ರಾವತಿಗಳು ಹುಟ್ಟುವುದು ಈ ಶ್ರೇಣಿಯಲ್ಲಿಯೇ.

1987ರಲ್ಲಿ ಇದು ರಾಷ್ಟ್ರೀಯ ಉದ್ಯಾನವಾಯಿತು. ಆದರೂ ಕಬ್ಬಿಣದ ಅದಿರಿನ ಗಣಿಗಾರಿಕೆ ಮುಂದುವರಿದು, ಸರ್ವೋಚ್ಚ ನ್ಯಾಯಾಲಯದ 2002ರ ತೀರ್ಪಿನಂತೆ 2005ರ ಕೊನೆಗೆ ನಿಂತಿತು. ಗಣಿಗೆ ಪ್ರಯೋಜನವಿತ್ತು, ಲೆಕ್ಕಪತ್ರವೂ ಇತ್ತು. ಪ್ರಯೋಜನವಿದ್ದ ಮಾತ್ರಕ್ಕೆ ಹಿಂಸೆ ಅಲ್ಪವಾಗಲಿಲ್ಲ. ಇನ್ನೊಂದು ಕಡೆ, ಯಾರೂ ಕಾಣದ ಕಾಡಿನ ಪರವಾಗಿ ನ್ಯಾಯಾಲಯದ ಮೆಟ್ಟಿಲೇರುವವರಾರು? ಆದುದರಿಂದ ನೋಡುವುದನ್ನೆಲ್ಲ ಪ್ರಮಾದವೆಂದು ತಳ್ಳಿಹಾಕುವುದು ಅವಸರದ ತೀರ್ಮಾನ.

ಆದರೆ ನೋಡಲು ಹೋದವನ ಕಾಲಿಗೆ ಇಂಬಳ ಹತ್ತುತ್ತದೆ. ಅದಕ್ಕೆಂದೇ ಅವನು ಉಪ್ಪಿನ ಪೊಟ್ಟಣವನ್ನು ಜೇಬಿನಲ್ಲಿಟ್ಟಿರುತ್ತಾನೆ. ಉಪ್ಪು ಬಿದ್ದೊಡನೆ ಸ್ಪರ್ಶ, ರಸನಗಳೆರಡೇ ಇಂದ್ರಿಯಗಳುಳ್ಳ ಆ ಜೀವ ಮುದುಡಿ ಸಾಯುತ್ತದೆ. ಅದು ತನ್ನ ನೆಲೆಯಲ್ಲಿ ತನ್ನ ಆಹಾರವನ್ನು ಹುಡುಕುತ್ತಿತ್ತು. ಅಲ್ಲಿಗೆ ಬಂದವನು ಇವನು. ಮೋಡವನ್ನು ಕಂಡು ಕೈಮುಗಿದ ಮನಸ್ಸು ಇಂಬಳದ ಮುಂದೆ ಏನಾಯಿತು? ಉಗುರಿನಿಂದ ಮೆಲ್ಲನೆ ಬಿಡಿಸಿ ಎಲೆಯ ಮೇಲೆ ಬಿಡಬಹುದು. ಸ್ವಲ್ಪ ರಕ್ತ ಸೋರುತ್ತದೆ, ಒಂದೆರಡು ದಿನ ತುರಿಸುತ್ತದೆ.

ಮಾಘಮಾಸದಲ್ಲಿ ಹೋಗುವುದು ಇನ್ನೊಂದು ದಾರಿ. ಆಗ ನೆಲ ಒಣಗಿರುತ್ತದೆ, ಇಂಬಳ ಅಪರೂಪ. ಮೋಡವೂ ಅಪರೂಪವೇ, ಬೆಳಗಿನ ಮಂಜು ಬಿಟ್ಟರೆ ಕಾಣಸಿಗುವುದು ಬಿಸಿಲಲ್ಲಿ ನಿಂತ ಗಿಡ್ಡ ಮರಗಳು, ಅವುಗಳ ಬುಡದಿಂದ ಇನ್ನೂ ಹರಿಯುತ್ತಿರುವ ನೀರು.