ಫ್ಯಾನಿನ ಸೂತ್ರ ಯಾರ ಕೈಯಲ್ಲಿರಬೇಕು?



ಮನುಷ್ಯನು ತನ್ನ ಅನುಕೂಲಕ್ಕಾಗಿ ನಿರ್ಮಿಸಿಕೊಂಡ ಯಂತ್ರಗಳಲ್ಲಿ ಕೆಲವು ತಮ್ಮ ರಕ್ಷಣೆಯನ್ನು ತಾವೇ ನೋಡಿಕೊಳ್ಳುತ್ತವೆ. ಆ ರಕ್ಷಣೆಯ ಸೂತ್ರವನ್ನು ಯಂತ್ರದಿಂದ ಬಿಡಿಸಿ ತನ್ನ ಕೈಗೆ ತೆಗೆದುಕೊಳ್ಳುವ ಅಧಿಕಾರ ಅದರ ಒಡೆಯನಿಗೆ ಉಂಟೇ? ಉಂಟಾದರೆ, ಆ ಅಧಿಕಾರದೊಡನೆ ಅವನ ಹೆಗಲಿಗೇರುವ ಹೊಣೆ ಎಂಥದು? ಇದನ್ನು ನಿಮ್ಮೊಡನೆ ವಿಚಾರಿಸಬೇಕೆಂದು ಈ ಲೇಖನಕ್ಕೆ ಕೈಹಚ್ಚಿದ್ದೇನೆ. ಪ್ರಶ್ನೆ ದೊಡ್ಡದು, ಆರಿಸಿಕೊಂಡ ನಿದರ್ಶನ ಮಾತ್ರ ಬಹು ಚಿಕ್ಕದು. ನಿಮ್ಮ ಮನೆಯ ಮಕ್ಕಳ ಮೇಜಿನ ಮೇಲಿರುವ ಲ್ಯಾಪ್‌ಟಾಪಿನೊಳಗೆ ತಿರುಗುವ, ಅಂಗೈಗಿಂತ ಕಿರಿದಾದ ಫ್ಯಾನು ಅದು.

ಆ ಫ್ಯಾನಿನ ಸದ್ದನ್ನು ನೀವು ಕೇಳಿಯೇ ಇರುತ್ತೀರಿ. ಸುಮ್ಮನಿದ್ದ ಯಂತ್ರ ಇದ್ದಕ್ಕಿದ್ದಂತೆ ಬುಸುಗುಡಲಾರಂಭಿಸುತ್ತದೆ. ಕೆಲಹೊತ್ತಿನ ಮೇಲೆ ತಾನೇ ಶಾಂತವಾಗುತ್ತದೆ. ಇದರ ಕಾರಣ ಸರಳ. ಕಂಪ್ಯೂಟರು ಸೇವಿಸಿದ ವಿದ್ಯುತ್ತೆಲ್ಲವೂ ಲೆಕ್ಕಾಚಾರದ ಕೆಲಸ ಮುಗಿದ ಮೇಲೆ ಹೆಚ್ಚುಕಡಿಮೆ ಕಾವಾಗಿಯೇ ಪರಿಣಮಿಸುತ್ತದೆ. ಹಿಂದೆ ನಮ್ಮ ಜನ ‘ನಲವತ್ತು ಕ್ಯಾಂಡಲ್’ ಎಂದು ಕರೆಯುತ್ತಿದ್ದ 40 ವ್ಯಾಟಿನ ಬಲ್ಬನ್ನು ಉರಿಯುತ್ತಿರುವಾಗ ಮುಟ್ಟಿ ಕೈ ಸುಟ್ಟುಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಷ್ಟೇ ಕಾವು, ಕೆಲಸ ಬಿರುಸಾದಾಗ, ಹೆಬ್ಬೆರಳ ಉಗುರಿನಷ್ಟು ಅಗಲದ ಪ್ರೊಸೆಸರಿನಲ್ಲಿ ಹುಟ್ಟುತ್ತದೆ. ಅದನ್ನು ತಾಮ್ರದ ಚಪ್ಪಟೆ ಕೊಳವೆಯೊಂದು ಹೊತ್ತೊಯ್ಯುತ್ತದೆ. ಕೊಳವೆಯೊಳಗಿನ ತುಸು ದ್ರವ ಬಿಸಿಯ ತುದಿಯಲ್ಲಿ ಆವಿಯಾಗಿ, ತಣ್ಣನೆಯ ತುದಿಯಲ್ಲಿ ಮತ್ತೆ ದ್ರವವಾಗಿ, ಒಳಗೋಡೆಯ ಬತ್ತಿಯಂಥ ಪದರದ ಮೂಲಕ ಹಿಂದಿರುಗುತ್ತದೆ. ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದಲ್ಲಿ ಜಾರ್ಜ್ ಗ್ರೋವರ್ ಎಂಬುವರು 1963ರಲ್ಲಿ ರೂಪಿಸಿದ ವಿಧಾನವಿದು. ತಣ್ಣನೆಯ ತುದಿಯ ತೆಳು ರೆಕ್ಕೆಗಳ ನಡುವೆ ಗಾಳಿಯನ್ನು ನೂಕುವುದೇ ಫ್ಯಾನಿನ ಕಾಯಕ.

ಫ್ಯಾನು ಯಾವಾಗ ಎಷ್ಟು ವೇಗವಾಗಿ ತಿರುಗಬೇಕೆಂಬುದನ್ನು ನಿರ್ಧರಿಸುವುದಕ್ಕೆ ಯಂತ್ರದೊಳಗೆ ಬೇರೆಯೇ ಒಂದು ಪುಟ್ಟ ಚಿಪ್ಪು ಉಂಟು. ಒಡೆಯನು ಏನನ್ನೇ ಬರೆಯುತ್ತಿರಲಿ, ಏನನ್ನೇ ನೋಡುತ್ತಿರಲಿ, ಅದಕ್ಕೆ ಸಂಬಂಧವಿಲ್ಲ. ಉಷ್ಣತೆಯನ್ನು ಅಳೆಯುವುದು, ತಯಾರಕರು ಬರೆದಿಟ್ಟ ಪಟ್ಟಿಯೊಡನೆ ಹೋಲಿಸುವುದು, ಫ್ಯಾನಿಗೆ ಆಜ್ಞೆ ಕೊಡುವುದು, ಇಷ್ಟೇ ಅದರ ದಿನಚರಿ. ಅದಕ್ಕೆ ನಿದ್ದೆಯಿಲ್ಲ, ಬೇಸರವಿಲ್ಲ, ಮರೆವಿಲ್ಲ.

ಈಗ ನಮ್ಮ ವಿಷಯಕ್ಕೆ ಬರೋಣ. ಈ ಕಾವಲುಗಾರನನ್ನು ಬದಿಗೆ ಸರಿಸಿ ಫ್ಯಾನನ್ನು ತಾವೇ ನಡೆಸಲು ಬಯಸುವವರಿದ್ದಾರೆ. ಎಲ್ಲ ಯಂತ್ರಗಳೂ ಇದಕ್ಕೆ ಎಡೆಗೊಡುವುದಿಲ್ಲ, ಕೆಲವು ಕೊಡುತ್ತವೆ. ಥಿಂಕ್‌ಪ್ಯಾಡ್ ಎಂಬ ಲ್ಯಾಪ್‌ಟಾಪುಗಳಲ್ಲಿ ಲಿನಕ್ಸ್ ವ್ಯವಸ್ಥೆಯನ್ನು ಹಾಕಿಕೊಂಡವರಿಗೆ ಫ್ಯಾನಿನ ವೇಗವನ್ನು 0ಯಿಂದ 7ರವರೆಗಿನ ಮೆಟ್ಟಿಲುಗಳಲ್ಲಿ ಆರಿಸುವ ಅವಕಾಶವುಂಟು. 0 ಎಂದರೆ ಫ್ಯಾನು ನಿಂತಂತೆ. 7 ಎಂದರೆ ಆ ಸಾಲಿನ ತುತ್ತತುದಿ. ಆದರೆ ಈ ಬಾಗಿಲನ್ನು ಮೊದಲಿನಿಂದಲೇ ತೆರೆದಿಟ್ಟಿಲ್ಲ. ಅಪಾಯವನ್ನರಿತ ಕರ್ತೃಗಳು ಅದನ್ನು ಮುಚ್ಚಿಯೇ ಇಟ್ಟಿದ್ದಾರೆ. ಬೇಕಾದವನು ತಿಳಿದು, ಬೇಕೆಂದು ಬರೆದು, ತೆರೆದುಕೊಳ್ಳಬೇಕು. ಬೀಗ ಹಾಕಿಲ್ಲ, ಅಗಳಿ ಮಾತ್ರ ಇಳಿಸಿದ್ದಾರೆ. ಈ ಏರ್ಪಾಡು ನನಗೆ ಬಹಳ ಹಿಡಿಸಿತು.

ಬಯಸುವವರಲ್ಲಿ ಎರಡು ಬಗೆ. ಸದ್ದನ್ನು ಸಹಿಸಲಾರದೆ ಫ್ಯಾನನ್ನು ಇಳಿಸುವವರು ಒಂದು ಬಗೆ. ಕಾವನ್ನು ಕಂಡು ಅಂಜಿ, ತಯಾರಕರ ಪಟ್ಟಿ ಹೇಳುವುದಕ್ಕಿಂತ ಮೊದಲೇ ಫ್ಯಾನನ್ನು ಏರಿಸುವವರು ಇನ್ನೊಂದು ಬಗೆ. ಎರಡನೆಯವರ ಪಕ್ಷದಲ್ಲಿ ಹೇಳಬೇಕಾದುದು ಬಹಳವಿದೆ. ಅನೇಕ ತಯಾರಕರು ತಮ್ಮ ಯಂತ್ರವನ್ನು 35 ಡಿಗ್ರಿ ಸೆಲ್ಸಿಯಸ್‌ವರೆಗಿನ ಕೋಣೆಯಲ್ಲಿ ಬಳಸಬಹುದೆಂದು ನಮೂದಿಸುತ್ತಾರೆ. ರಾಯಚೂರು, ಕಲಬುರ್ಗಿಗಳ ಏಪ್ರಿಲ್, ಮೇ ತಿಂಗಳುಗಳನ್ನು ಉಂಡವರಿಗೆ ಈ ಅಂಕಿ ನಗೆ ತರಿಸೀತು. ಹೊರಗೆ 40 ಡಿಗ್ರಿ ದಾಟಿದ ದಿನ, ತಗಡಿನ ಮಾಡಿನ ಕೆಳಗೆ ಕುಳಿತ ಹುಡುಗನ ಯಂತ್ರ ತಯಾರಕರ ಎಣಿಕೆಯ ಎಲ್ಲೆಯನ್ನು ಮೀರಿಯೇ ಕೆಲಸ ಮಾಡುತ್ತಿರುತ್ತದೆ. ಫ್ಯಾನು ಎಷ್ಟೇ ಬೀಸಲಿ, ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. ಅಂಥವನು ಪಟ್ಟಿಯನ್ನು ಕಾಯದೆ ಫ್ಯಾನನ್ನು ಮೊದಲೇ ಏರಿಸಿದರೆ, ದೂರದೇಶದ ನಿಯಮಕರ್ತನಿಗೆ ತಿಳಿಯದ ತನ್ನ ನೆಲದ ಸತ್ಯವನ್ನು ಅವನು ಬಲ್ಲನೆಂದೇ ಹೇಳಬೇಕು. ಫ್ಯಾನಿನ ಬೇರಿಂಗು ಸ್ವಲ್ಪ ಬೇಗ ಸವೆಯುತ್ತದೆ, ಧೂಳು ಸ್ವಲ್ಪ ಹೆಚ್ಚು ಸೇರುತ್ತದೆ. ಅದು ಅವನು ತಿಳಿದು ತೆರುವ ಬೆಲೆ.

ಕಠಿಣವಾದುದು ಮೊದಲನೆಯವರ ವಿಚಾರ. “ಯಂತ್ರ ನನ್ನದು, ಹಣ ಕೊಟ್ಟವನು ನಾನು, ಕೆಟ್ಟರೆ ನನಗೇ ನಷ್ಟ, ನಿಮಗೇನು?” ಎಂದು ಇವರು ಕೇಳಬಹುದು. ಜಡವಸ್ತುವಿಗೆ ನೋವಿಲ್ಲವೆಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ನಷ್ಟ ಅವನೊಬ್ಬನದೇ ಎಂಬ ಮಾತನ್ನು ಒಪ್ಪಲಾರೆ. ಆ ಯಂತ್ರದಲ್ಲಿ ಇನ್ನೊಬ್ಬರ ಬರಹವಿರಬಹುದು, ಸಂಘದ ಲೆಕ್ಕಪತ್ರವಿರಬಹುದು. ನಾಳೆ ಅದು ತಮ್ಮನ ಕೈಗೋ ತಂಗಿಯ ಕೈಗೋ ಹೋಗುವುದಿರಬಹುದು. ಅವನ ದೇಹದ ಮಾತೂ ಉಂಟು. ಬಿಸಿಯಾದ ಲ್ಯಾಪ್‌ಟಾಪನ್ನು ಬಹುಕಾಲ ತೊಡೆಯ ಮೇಲಿಟ್ಟುಕೊಂಡವರ ಚರ್ಮದಲ್ಲಿ ಬಲೆಯಂಥ ಕಂದುಗಲೆ ಮೂಡುವುದನ್ನು ವೈದ್ಯರು ದಾಖಲಿಸಿದ್ದಾರೆ. ಹಿಂದೆ ಒಲೆಯ ಮುಂದೆಯೇ ಕುಳಿತಿರುತ್ತಿದ್ದವರಲ್ಲಿ ಕಾಣುತ್ತಿದ್ದ ಕಲೆಯೇ ಅದು.

ಇವೆಲ್ಲಕ್ಕಿಂತ ಮುಖ್ಯವಾದ ಸಂಗತಿಯೊಂದಿದೆ. ಕಾವಲುಗಾರನನ್ನು ಕಳುಹಿಸಿದವನು ಕಾವಲನ್ನು ತಾನು ಮಾಡಬೇಕು. ಮಾಡಬಲ್ಲನೇ? ಯಂತ್ರ ಅತಿಯಾಗಿ ಕಾಯುವುದು ಯಾವ ಗಳಿಗೆಯಲ್ಲಿ ಎಂಬುದನ್ನು ಯೋಚಿಸಿರಿ. ಕೆಲಸ ಅತ್ಯಂತ ಬಿರುಸಾದ ಗಳಿಗೆಯಲ್ಲಿ. ಎಂದರೆ ಒಡೆಯನ ಮನಸ್ಸು ಪೂರ್ತಿಯಾಗಿ ಕೆಲಸದಲ್ಲಿ ಮುಳುಗಿರುವ ಗಳಿಗೆಯಲ್ಲಿ. ಉಷ್ಣತೆಯ ಕಡೆಗೆ ಕಣ್ಣು ಅತ್ಯಗತ್ಯವಾದ ಹೊತ್ತೇ ಆ ಕಣ್ಣು ಬೇರೆಡೆಯಲ್ಲಿರುವ ಹೊತ್ತು. ಇದು ಸೋಮಾರಿಯ ದೋಷವಲ್ಲ. ಏಕಾಗ್ರತೆಯುಳ್ಳ ಒಳ್ಳೆಯ ಕೆಲಸಗಾರನೇ ಇದಕ್ಕೆ ಮೊದಲು ಗುರಿಯಾಗುತ್ತಾನೆ. ಆದಕಾರಣ “ನಾನು ಎಚ್ಚರವಾಗಿರುತ್ತೇನೆ” ಎಂಬ ಅವನ ಮಾತು ಪ್ರಾಮಾಣಿಕವಾದರೂ ನಂಬಲು ತಕ್ಕುದಲ್ಲ.

ಈ ಪ್ರಶ್ನೆ ಕಂಪ್ಯೂಟರಿನಿಂದ ಹುಟ್ಟಿದುದಲ್ಲ. ಉಗಿಯಂತ್ರದ ಕಾಲದಲ್ಲಿ ಇದನ್ನೇ ಜನ ಪ್ರಾಣ ತೆತ್ತು ಕೇಳಿದರು. ಹತ್ತೊಂಬತ್ತನೆಯ ಶತಮಾನದ ಅಮೆರಿಕದ ನದಿಗಳಲ್ಲಿ ಉಗಿದೋಣಿಗಳು ಸಂಚರಿಸುತ್ತಿದ್ದವು. ಬಾಯ್ಲರಿನಲ್ಲಿ ಉಗಿಯ ಒತ್ತಡ ಮಿತಿಮೀರಿದಾಗ ತಾನಾಗಿ ತೆರೆದು ಉಗಿಯನ್ನು ಹೊರಬಿಡುವ ಸೇಫ್ಟಿ ವಾಲ್ವ್ ಪ್ರತಿಯೊಂದು ದೋಣಿಗೂ ಇರುತ್ತಿತ್ತು. ಆದರೆ ಹೊರಹೋದ ಉಗಿ ಕಳೆದುಹೋದ ವೇಗ. ಬೇರೆ ದೋಣಿಯನ್ನು ಹಿಂದೆ ಹಾಕುವ ಹಂಬಲದಲ್ಲಿ ಕೆಲವರು ವಾಲ್ವಿನ ಮೇಲೆ ಹೆಚ್ಚಿನ ಭಾರ ಹೇರಿ ಅದನ್ನು ಏಳದಂತೆ ಅದುಮಿಡುತ್ತಿದ್ದರು. 1838ರ ಏಪ್ರಿಲಿನಲ್ಲಿ ಸಿನ್ಸಿನಾಟಿ ನಗರದ ಬಳಿ ಒಹಾಯೋ ನದಿಯಲ್ಲಿ ‘ಮೊಸೆಲ್’ ಎಂಬ ಹೊಸ ದೋಣಿಯ ಬಾಯ್ಲರುಗಳು ಸಿಡಿದು ನೂರಕ್ಕೂ ಹೆಚ್ಚು ಜನ ಸತ್ತರು. ವೇಗದ ಕೀರ್ತಿಗಾಗಿ, ದೋಣಿ ನಿಂತಾಗಲೂ ಉಗಿಯನ್ನು ಹೊರಬಿಡದೆ ಹಿಡಿದಿಟ್ಟಿದ್ದರೆಂದು ಅಂದಿನವರು ಬರೆದಿಟ್ಟಿದ್ದಾರೆ. ಆ ವರ್ಷವೇ ಒಂದು ಕಾನೂನು ಬಂತು, ಸಾಲದಾಯಿತು. 1852ರಲ್ಲಿ ಇನ್ನೂ ಬಿಗಿಯಾದ ಕಾನೂನು ಬಂತು. ಅದರ ಒಂದು ವಿಧಿಯನ್ನು ಓದಿದಾಗ ಅದನ್ನು ಬರೆದವರು ಮನುಷ್ಯಸ್ವಭಾವವನ್ನು ಎಷ್ಟು ಬಲ್ಲವರೆಂದು ಬೆರಗಾಗುತ್ತದೆ. ದೋಣಿಯ ಸೇಫ್ಟಿ ವಾಲ್ವುಗಳಲ್ಲಿ ಒಂದು, ದೋಣಿ ನಡೆಸುವ ಯಾರ ಹಿಡಿತಕ್ಕೂ ಸಿಗದಂತೆ ಇರತಕ್ಕದ್ದು ಎಂಬುದು ಆ ವಿಧಿ. ಕ್ಯಾಪ್ಟನ್ ದುಷ್ಟನೆಂದು ಅದು ಹೇಳಲಿಲ್ಲ. ವೇಗವನ್ನು ಬಯಸುವವನೇ ವೇಗದ ಎಲ್ಲೆಗೂ ಕಾವಲುಗಾರನಾಗಿರಬಾರದು ಎಂದಷ್ಟೇ ಹೇಳಿತು.

ಲ್ಯಾಪ್‌ಟಾಪು ಸಿಡಿಯುವ ಬಾಯ್ಲರಲ್ಲ. ಈ ಹೋಲಿಕೆಯನ್ನು ನಾನು ಬಹುದೂರ ಎಳೆಯಲಾರೆ. ಇಂದಿನ ಪ್ರೊಸೆಸರು ಸುಮಾರು 100 ಡಿಗ್ರಿಯ ಹತ್ತಿರ ಬಂದೊಡನೆ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ, ಇನ್ನೂ ಮೀರಿದರೆ ಯಂತ್ರವೇ ಆರಿಹೋಗುತ್ತದೆ. ಆ ವಾಲ್ವು ಒಡೆಯನ ಫ್ಯಾನಿನ ಆಜ್ಞೆಗೆ ಸಿಗುವಂಥದಲ್ಲ. ಹೀಗಿರಲು ಭಯವೇಕೆ ಎಂದು ಕೆಲವರು ನಿಶ್ಚಿಂತರಾಗಿದ್ದಾರೆ. ಪ್ರೊಸೆಸರನ್ನು ಉಳಿಸುವ ಈ ಕಡೆಯ ಕಾವಲು ಅದರ ಪಕ್ಕದಲ್ಲಿರುವ ಬ್ಯಾಟರಿಯನ್ನು ವಿಚಾರಿಸುವುದಿಲ್ಲ. ಲಿಥಿಯಮ್ ಬ್ಯಾಟರಿಗೆ ಕಾವು ನಿಧಾನವಿಷ. ಅದು ಇಂದು ಕೆಡದು. ದಿನದಿನವೂ ಸ್ವಲ್ಪ ಸ್ವಲ್ಪವಾಗಿ ಧಾರಣಶಕ್ತಿಯನ್ನು ಕಳೆದುಕೊಂಡು ವರ್ಷ ಕಳೆದ ಮೇಲೆ ಅರ್ಧ ಗಂಟೆಗೇ ಕೈಬಿಡುತ್ತದೆ. ಆಗ ಒಡೆಯನು ತಯಾರಕರನ್ನು ಬೈಯುತ್ತಾನೆ. ತಕ್ಷಣ ಶಿಕ್ಷೆಯಾಗದ ತಪ್ಪಿನಲ್ಲಿ ಇದೊಂದು ತೊಡಕು: ಕಾರಣವೂ ಕಾರ್ಯವೂ ಒಂದನ್ನೊಂದು ಗುರುತಿಸಲಾರದಷ್ಟು ದೂರವಾಗಿರುತ್ತವೆ.

ಹಾಗಾದರೆ ಎಲ್ಲ ಸೂತ್ರಗಳನ್ನೂ ತಯಾರಕರ ಬಳಿಯೇ ಬೀಗ ಹಾಕಿಡೋಣವೇ? ಇದೂ ನನಗೆ ಸರಿತೋರದು. ರಾಯಚೂರಿನ ಹುಡುಗನ ಮಾತನ್ನು ಆಗಲೇ ಹೇಳಿದೆ. ಬೀಗ ಹಾಕಿದರೆ ಅವನ ವಿವೇಕಕ್ಕೂ ಬೀಗ ಬೀಳುತ್ತದೆ. ತಯಾರಕರ ಪಟ್ಟಿಯೂ ಸರ್ವಜ್ಞನ ಕೃತಿಯಲ್ಲ. 1980ರಲ್ಲಿ ಆಪಲ್ ಕಂಪನಿ ತನ್ನ ಮೂರನೆಯ ಮಾದರಿಯ ಮೇಜುಗಣಕವನ್ನು ಫ್ಯಾನೇ ಇಲ್ಲದಂತೆ ನಿರ್ಮಿಸಿತು. ಕಾವೂ ಸೇರಿದಂತೆ ಹಲವು ತೊಂದರೆಗಳು ಕಾಣಿಸಿಕೊಂಡು, ಮೊದಲು ಮಾರಿದ ಯಂತ್ರಗಳನ್ನು ಬದಲಿಸಿಕೊಡಬೇಕಾಯಿತು. ನಿಶ್ಶಬ್ದದ ಮೋಹ ಒಡೆಯರಿಗೆ ಮಾತ್ರ ಅಂಟಿದ ಜಾಡ್ಯವಲ್ಲ. ಅದೇ ಕಂಪನಿ 2020ರಲ್ಲಿ ತನ್ನದೇ ಪ್ರೊಸೆಸರುಳ್ಳ ತೆಳು ಲ್ಯಾಪ್‌ಟಾಪನ್ನು ಮತ್ತೆ ಫ್ಯಾನಿಲ್ಲದೆ ಹೊರತಂದಿತು. ಈ ಸಲ ಪ್ರೊಸೆಸರು ಹುಟ್ಟಿಸುವ ಕಾವೇ ಕಡಿಮೆಯಾದುದರಿಂದ ಅದು ನಡೆಯಿತು. ಸದ್ದನ್ನು ಅಡಗಿಸುವುದೇ ಬೇರೆ, ಸದ್ದಿಗೆ ಕಾರಣವಾದ ಕಾವನ್ನು ತಗ್ಗಿಸುವುದೇ ಬೇರೆ. ಫ್ಯಾನಿನ ಬಾಯಿ ಮುಚ್ಚಿಸುವ ಮೊದಲು, ಅದು ಏಕೆ ಕೂಗುತ್ತಿದೆಯೆಂದು ನೋಡುವವರು ನಮ್ಮಲ್ಲಿ ಎಷ್ಟು ಮಂದಿ? ನೋಡಿಯೂ ಇಲ್ಲದೆ ತೆರೆದಿಟ್ಟ ಹತ್ತಾರು ಪುಟಗಳು, ರೆಕ್ಕೆಗಳ ನಡುವೆ ವರ್ಷಗಟ್ಟಲೆ ಸೇರಿದ ಧೂಳು, ಗಾಳಿಯ ಕಿಂಡಿಯನ್ನು ಮುಚ್ಚಿದ ಹಾಸಿಗೆ, ಇವೇ ಬಹುಪಾಲು ಕಾರಣಗಳು.

ಇಷ್ಟೆಲ್ಲ ಮಾಡಿದ ಮೇಲೂ ಸೂತ್ರ ಬೇಕೆನ್ನುವವನಿಗೆ, ಹಿಂದೆ ಹೇಳಿದ ಲಿನಕ್ಸಿನ ಏರ್ಪಾಡಿನಲ್ಲಿಯೇ ಒಂದು ದಾರಿಯುಂಟು. ಅದಕ್ಕೆ ಕಾವಲುನಾಯಿ ಎಂಬರ್ಥದ ಹೆಸರಿಟ್ಟಿದ್ದಾರೆ. ಸೂತ್ರ ತೆಗೆದುಕೊಂಡವನು ಒಂದು ಅವಧಿಯನ್ನು ನಿಗದಿಮಾಡಬಹುದು. ಅದು 120 ಸೆಕೆಂಡನ್ನು ಮೀರುವಂತಿಲ್ಲ. ಆ ಅವಧಿಯೊಳಗೆ ಅವನಿಂದಾಗಲಿ ಅವನು ನೇಮಿಸಿದ ಪ್ರೋಗ್ರಾಮಿನಿಂದಾಗಲಿ ಹೊಸ ಆಜ್ಞೆ ಬಾರದಿದ್ದರೆ, ಫ್ಯಾನು ಸುರಕ್ಷಿತ ಸ್ಥಿತಿಗೆ ಮರಳುತ್ತದೆ. ಇಲ್ಲಿ ಅಧಿಕಾರವನ್ನು ನಿರಾಕರಿಸಿಲ್ಲ. ಒಮ್ಮೆಗೇ ಶಾಶ್ವತವಾಗಿಯೂ ಕೊಟ್ಟಿಲ್ಲ. ನಿಮಿಷ ನಿಮಿಷಕ್ಕೂ “ನಾನಿದ್ದೇನೆ, ನೋಡುತ್ತಿದ್ದೇನೆ” ಎಂದು ಓಗೊಡುತ್ತಿರುವವರೆಗೆ ಮಾತ್ರ ಅಧಿಕಾರ ಅವನದು. ಆ ಅವಧಿಯನ್ನು ತನಗೆ ತಾನೇ ವಿಧಿಸಿಕೊಳ್ಳುವುದು ಇದರ ವಿಶೇಷ. 1852ರ ಕಾನೂನು ಹೊರಗಿನಿಂದ ಹಾಕಿದ ಬೇಲಿ. ಇದು ಒಡೆಯನೇ, ಮುಂದೆ ಮೈಮರೆಯಲಿರುವ ತನ್ನನ್ನು ನೆನೆದು, ಎಚ್ಚರವಿರುವಾಗಲೇ ಕಟ್ಟಿಕೊಂಡ ಬೇಲಿ.

ಆದರೆ ಈ ನಾಯಿಯ ಮಿತಿಯನ್ನೂ ತಿಳಿದಿರಬೇಕು. ಒಮ್ಮೆ ಫ್ಯಾನನ್ನು ಎಚ್ಚರಿಸಿದ ಮೇಲೆ ಅದು ಮಲಗಿಬಿಡುತ್ತದೆ. ಮತ್ತೆ ಆಜ್ಞೆ ಬಂದಾಗಲೇ ಏಳುವುದು. ಇದಕ್ಕಿಂತ ದೊಡ್ಡ ಮಿತಿಯೊಂದುಂಟು. ಆಜ್ಞೆ ಬಂತೇ ಇಲ್ಲವೇ ಎಂಬುದನ್ನು ಮಾತ್ರ ಅದು ನೋಡುತ್ತದೆ, ಆಜ್ಞೆ ಸರಿಯೇ ತಪ್ಪೇ ಎಂಬುದನ್ನಲ್ಲ. ಉಷ್ಣತೆಯನ್ನು ಕಣ್ಣೆತ್ತಿಯೂ ನೋಡದೆ ನಿಮಿಷಕ್ಕೊಮ್ಮೆ “ಸೊನ್ನೆ, ಸೊನ್ನೆ” ಎಂದು ಕೂಗುವ ಪ್ರೋಗ್ರಾಮೊಂದನ್ನು ಬರೆದಿಟ್ಟರೆ ನಾಯಿ ತೃಪ್ತಿಯಿಂದ ಬಾಲವಾಡಿಸುತ್ತದೆ. ಹಾಜರಿ ಪುಸ್ತಕಕ್ಕೆ ತಪ್ಪದೆ ಸಹಿಹಾಕಿ ಕೆಲಸ ಮಾಡದ ನೌಕರನನ್ನು ಕಂಡವರಿಗೆ ಇದು ಹೊಸತೆನಿಸದು. ಯಾವ ಏರ್ಪಾಡೂ ಇಲ್ಲಿಂದ ಮುಂದಕ್ಕೆ ಒಡೆಯನ ಜತೆ ಬರಲಾರದು. ಉಷ್ಣತೆಯನ್ನು ಅಳೆದು ಆಜ್ಞೆ ಕೊಡುವ ಪ್ರೋಗ್ರಾಮನ್ನು ಇಡುವುದೂ, ಕಣ್ಣು ಮುಚ್ಚಿದ ಪ್ರೋಗ್ರಾಮನ್ನು ಇಡುವುದೂ ಅವನ ಆತ್ಮಸಾಕ್ಷಿಗೆ ಬಿಟ್ಟದ್ದು.

ಮಠದ ಪ್ರಸಾದನಿಲಯದಲ್ಲಿ ಓದಿದ ನಮ್ಮ ವಾಚಕರು ಅಲ್ಲಿಯ ರಾತ್ರಿಯನ್ನು ಬಲ್ಲರು. ಸಾಲು ಚಾಪೆ, ಹತ್ತಾರು ಮಂದಿಯ ಉಸಿರು, ಮೂಲೆಯಲ್ಲಿ ಪರೀಕ್ಷೆಗಾಗಿ ಎದ್ದಿರುವ ಒಬ್ಬ. ಇಂದು ಆ ಒಬ್ಬನ ಮುಂದೆ ಲ್ಯಾಪ್‌ಟಾಪು ಇರುತ್ತದೆ. ಅವನು ಫ್ಯಾನನ್ನು ತಗ್ಗಿಸಬಯಸುವುದು ಸ್ವಸುಖಕ್ಕಲ್ಲ, ಮಲಗಿದವರ ನಿದ್ದೆಗಾಗಿ. ಈ ಬಯಕೆಯನ್ನು ತಪ್ಪೆನ್ನಲು ನನ್ನಿಂದಾಗದು. ಪರಹಿತದ ಬಯಕೆಯೂ ಕಾವಲನ್ನು ಕಳುಹಿಸಿಯೇ ಕಳುಹಿಸುತ್ತದೆ ಎಂಬುದನ್ನು ಮಾತ್ರ ಅವನು ನೆನೆಯಬೇಕು. ಯಂತ್ರವನ್ನು ಚಾಪೆಯಿಂದೆತ್ತಿ ಹಲಗೆಯ ಮೇಲಿಡಲಿ. ಬೇಡದ ಪುಟಗಳನ್ನು ಮುಚ್ಚಲಿ. ಬರೆಯುವ, ಓದುವ ಹಗುರ ಕೆಲಸವಿರುವವರೆಗೆ ಫ್ಯಾನನ್ನು ಎರಡನೆಯ ಮೆಟ್ಟಿಲಿಗಿಳಿಸಿ, ಕಾವಲುನಾಯಿಗೆ 60 ಸೆಕೆಂಡು ನಿಗದಿಮಾಡಿ, ಉಷ್ಣತೆಯನ್ನು ಅಳೆಯುತ್ತಿರುವ ಪ್ರೋಗ್ರಾಮಿಗೆ ಓಗೊಡುವ ಕೆಲಸವನ್ನು ಒಪ್ಪಿಸಲಿ. ಗಂಟೆಗಟ್ಟಲೆ ಯಂತ್ರವನ್ನು ದುಡಿಸುವ ಭಾರೀ ಲೆಕ್ಕವೊಂದು ಬಂದಾಗ ಸೂತ್ರವನ್ನು ಮರಳಿ ಯಂತ್ರಕ್ಕೇ ಒಪ್ಪಿಸಿ, ಅದನ್ನೆತ್ತಿಕೊಂಡು ಹೊರಗಿನ ಪಡಸಾಲೆಗೆ ಹೋಗಲಿ. ಅಲ್ಲಿ ಫ್ಯಾನು ಎಷ್ಟು ಬುಸುಗುಟ್ಟಿದರೂ ಕೇಳುವವನು ಅವನೊಬ್ಬನೇ.