ಗಂಟೋ ಪಟ್ಟಿಯೋ? – ಅಭ್ಯಾಸದ ಮುಷ್ಟಿಯುದ್ಧದಲ್ಲೊಂದು ಧರ್ಮವಿಚಾರ

ಧರ್ಮಸೂಕ್ಷ್ಮವೆಂಬುದು ರಾಜ್ಯತ್ಯಾಗ, ಪ್ರಾಣತ್ಯಾಗಗಳಂತಹ ಮಹಾಪ್ರಸಂಗಗಳಲ್ಲಿ ಮಾತ್ರ ತಲೆದೋರತಕ್ಕದ್ದೆಂದು ಲೋಕದ ಭಾವನೆ. ಆದರೆ ಕೈಗವಸಿನ ಒಂದು ದಾರದ ಗಂಟಿನಲ್ಲಿಯೂ ಅದು ಅಡಗಿರುವುದುಂಟು. ಮುಷ್ಟಿಯುದ್ಧವನ್ನು, ಎಂದರೆ ಬಾಕ್ಸಿಂಗನ್ನು, ಕಲಿಯಲು ತೊಡಗಿದ ತರುಣನು ಅಂಗಡಿಗೆ ಹೋದರೆ ಅವನ ಮುಂದೆ ಎರಡು ಬಗೆಯ ಗವಸುಗಳು ಬರುವುವು. ಒಂದು, ಬೂಟಿನಂತೆ ರಂಧ್ರಗಳಲ್ಲಿ ದಾರವನ್ನು ಪೋಣಿಸಿ ಮಣಿಕಟ್ಟಿನಲ್ಲಿ ಬಿಗಿದು ಗಂಟು ಹಾಕತಕ್ಕದ್ದು. ಇನ್ನೊಂದು, ವೆಲ್ಕ್ರೋ ಪಟ್ಟಿಯನ್ನು ಸುತ್ತಿ ಒತ್ತಿದೊಡನೆ ಹಿಡಿದುಕೊಳ್ಳತಕ್ಕದ್ದು. ಜೊತೆಗಾರನೊಡನೆ ನಡೆಸುವ ಅಭ್ಯಾಸದ ಕಾಳಗಕ್ಕೆ ಇವೆರಡರಲ್ಲಿ ಯಾವುದು ಯೋಗ್ಯ? ಇದು ಬರಿಯ ಅನುಕೂಲದ ಪ್ರಶ್ನೆಯೇ, ಇಲ್ಲವೆ ಕರ್ತವ್ಯದ ಪ್ರಶ್ನೆಯೂ ಅಹುದೇ?

ಮೊದಲು ಗವಸಿನ ಹುಟ್ಟನ್ನು ವಿಚಾರಿಸಬೇಕು. ಪ್ರಾಚೀನ ಗ್ರೀಕರು ಸ್ಪರ್ಧೆಯಲ್ಲಿ ಕೈಗೆ ತೊಗಲಿನ ಬಾರುಗಳನ್ನು ಸುತ್ತಿಕೊಳ್ಳುತ್ತಿದ್ದರು. ಅಭ್ಯಾಸಕಾಲದಲ್ಲಾದರೋ ಆ ಬಾರುಗಳಿಗೆ ಬದಲಾಗಿ ಬೇರೊಂದು ಬಗೆಯ ಕೈಕಟ್ಟನ್ನು ಕಟ್ಟಿಕೊಳ್ಳುವ ವಿಷಯವನ್ನು ಪ್ಲೇಟೋ ತನ್ನ ಧರ್ಮಶಾಸನಗಳ ಗ್ರಂಥದಲ್ಲಿ ಎತ್ತಿದ್ದಾನೆ. ಇಂಗ್ಲೆಂಡಿನಲ್ಲಿ 1743ರಲ್ಲಿ ಮುಷ್ಟಿಕಾಳಗಕ್ಕೆ ನಿಯಮಗಳನ್ನು ರಚಿಸಿದ ಜ್ಯಾಕ್ ಬ್ರೌಟನ್ ಎಂಬುವನು ತನ್ನ ಶಾಲೆಯ ಶಿಷ್ಯರಿಗೆ ಮುಖ ಹರಿಯದಿರಲೆಂದು ಮೆತ್ತನೆಯ ಗವಸುಗಳನ್ನು ತೊಡಿಸಿದನು. ಸ್ಪರ್ಧೆಯಲ್ಲಿ ಆಗ ಬರಿಗೈಯೇ ರೂಢಿಯಾಗಿದ್ದಿತು. ಸ್ಪರ್ಧಿಗಳಿಗೂ ಗವಸನ್ನು ವಿಧಿಸಿದ ಕ್ವೀನ್ಸ್‌ಬರಿ ನಿಯಮಗಳು ಪ್ರಕಟವಾದುದು 1867ರಲ್ಲಿ. ಆದುದರಿಂದ ಈ ಕಾಲದ ಗವಸು ಜಯಕ್ಕಾಗಿ ಹುಟ್ಟಿದ ಆಯುಧವಲ್ಲ, ವಿದ್ಯಾರ್ಥಿಯ ಜೊತೆಗಾರನ ಮೇಲಣ ದಯೆಯಿಂದ ಹುಟ್ಟಿದ ಕವಚವೆಂಬುದು ಸ್ಪಷ್ಟ.

ಆದರೆ ಆ ಕವಚವು ಯಾರನ್ನು ಕಾಯುತ್ತದೆ? ಮನುಷ್ಯನ ಒಂದೊಂದು ಕೈಯಲ್ಲಿಯೂ 27 ಮೂಳೆಗಳಿವೆ. ಬರಿಗೈಯಿಂದ ತಲೆಬುರುಡೆಯನ್ನು ಗುದ್ದುವವನಿಗೆ ತನ್ನ ಕೈಯೇ ಮುರಿದೀತೆಂಬ ಭಯವಿರುತ್ತದೆ. ಗವಸು ಆ ಭಯವನ್ನು ನೀಗುತ್ತದೆ. ಭಯ ನೀಗಿದೊಡನೆ ತಲೆಯ ಮೇಲೆ ಏಟುಗಳು ನಿಸ್ಸಂಕೋಚವಾಗಿ ಬೀಳಬಲ್ಲುವು. ಮೆತ್ತೆಯು ಚರ್ಮ ಹರಿಯುವುದನ್ನು ತಡೆದೀತೇ ಹೊರತು ಬುರುಡೆಯೊಳಗೆ ಮಿದುಳು ಅಲುಗುವುದನ್ನು ಪೂರ್ಣವಾಗಿ ತಡೆಯಲಾರದು. ಏಟುಗಳನ್ನು ತಿಂದು ತಿಂದು ಅಮಲೇರಿದವರಂತೆ ತಡವರಿಸುವ ಮುಷ್ಟಿಯೋಧರ ರೋಗವನ್ನು ಅಮೆರಿಕದ ವೈದ್ಯ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ 1928ರಲ್ಲಿಯೇ ವರ್ಣಿಸಿದನು. ಅಭ್ಯಾಸಕ್ಕೆ 16 ಔನ್ಸಿನ, ಎಂದರೆ ಸುಮಾರು 450 ಗ್ರಾಂ ತೂಕದ, ದಪ್ಪ ಗವಸನ್ನು ಅನೇಕರು ಆರಿಸುವುದು ಈ ಅಪಾಯವನ್ನು ಅರಿತೇ. ಹೀಗಿರಲು ಗವಸನ್ನು ಆರಿಸುವವನು ತನ್ನ ಕೈಯ ಸುಖವೊಂದನ್ನೇ ನೋಡುವುದು ನ್ಯಾಯವಾಗಲಾರದು.

ಇನ್ನು ದಾರದ ಪಕ್ಷದವರ ಮಾತನ್ನು ಕೇಳಬೇಕು. ದಾರವು ಮಣಿಕಟ್ಟಿನ ಆಕಾರವನ್ನೇ ಅನುಸರಿಸಿ ಉದ್ದಕ್ಕೂ ಸಮನಾಗಿ ಬಿಗಿಯುತ್ತದೆ. ಗವಸು ಕೈಯೊಡನೆ ಒಂದಾಗುತ್ತದೆ. ಏಟು ಬಿದ್ದಾಗ ಮಣಿಕಟ್ಟು ಹೊರಳುವುದಿಲ್ಲ. ವೃತ್ತಿಪರರ ಪಂದ್ಯಗಳಲ್ಲಿ ದಾರದ ಗವಸೇ ರೂಢಿಯಲ್ಲಿರುವುದು ನಿಷ್ಕಾರಣವಲ್ಲ. ಮೇಲಾಗಿ ಒಂದು ಕೈಗೆ ಗವಸು ತೊಟ್ಟವನು ಇನ್ನೊಂದರ ದಾರವನ್ನು ತಾನೇ ಕಟ್ಟಿಕೊಳ್ಳಲಾರನು. ಮತ್ತೊಬ್ಬನ ಮುಂದೆ ಕೈಚಾಚಿ ನಿಲ್ಲಬೇಕು. ಈ ಪರಾವಲಂಬನೆಯೇ ವಿನಯದ ಮೊದಲ ಪಾಠವೆಂದೂ, ಕಟ್ಟುವವನ ಕಣ್ಣು ಗವಸಿನ ದೋಷವನ್ನು ಕಂಡುಹಿಡಿಯುವುದೆಂದೂ ಅವರು ವಾದಿಸಬಹುದು.

ಈ ವಾದವು ಸೊಗಸಾದುದು, ಆದರೆ ಪೂರ್ಣವಲ್ಲ. ಮತ್ತೊಬ್ಬನು ಕಟ್ಟಿದ ಮಾತ್ರಕ್ಕೆ ಗಂಟು ಪ್ರಾಮಾಣಿಕವಾಗದು. 1983ರ ಜೂನ್ ತಿಂಗಳಲ್ಲಿ ನ್ಯೂಯಾರ್ಕಿನಲ್ಲಿ ಲೂಯಿಸ್ ರೆಸ್ಟೋ ಎಂಬುವನು ಬಿಲ್ಲಿ ಕಾಲಿನ್ಸ್ ಎಂಬ ತರುಣನೊಡನೆ ಹೋರಾಡಿದಾಗ ರೆಸ್ಟೋವಿನ ಗವಸಿನಿಂದ ಮೆತ್ತೆಯನ್ನು ತೆಗೆಯಲಾಗಿದ್ದಿತು. ಕಾಲಿನ್ಸನ ಕಣ್ಣುಗಳು ಕೆಟ್ಟು ಅವನು ಮತ್ತೆ ಕಣಕ್ಕಿಳಿಯಲಾಗಲಿಲ್ಲ. 1986ರಲ್ಲಿ ನ್ಯಾಯಾಲಯವು ರೆಸ್ಟೋವನ್ನೂ ಅವನ ತರಬೇತುದಾರನನ್ನೂ ಅಪರಾಧಿಗಳೆಂದು ನಿರ್ಣಯಿಸಿತು. ಗವಸನ್ನು ಕೈಗೆ ಕಟ್ಟುವ ಪರಿಚಾರಕವರ್ಗವೇ ದ್ರೋಹಕ್ಕೆ ಕೈಹಾಕಿದರೆ ಗಂಟು ಯಾವ ವಿನಯವನ್ನು ಕಲಿಸೀತು?

ವೆಲ್ಕ್ರೋವಿನ ಕಥೆ ಬೇರೆ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಜಾರ್ಜ್ ದ ಮೆಸ್ತ್ರಾಲ್ 1941ರಲ್ಲಿ ತನ್ನ ನಾಯಿಯ ಕೂದಲಿಗೆ ಅಂಟಿದ ಮುಳ್ಳುಕಾಯಿಗಳನ್ನು ಪರೀಕ್ಷಿಸಿ, ಅವುಗಳ ಸಣ್ಣ ಕೊಕ್ಕೆಗಳು ಕೂದಲ ಸುರುಳಿಯನ್ನು ಹಿಡಿಯುವುದನ್ನು ಕಂಡನು; ಆ ತತ್ತ್ವವೇ ಈ ಪಟ್ಟಿಗೆ ಮೂಲವಾಯಿತು. ಇದರಲ್ಲಿಯೂ ದೋಷವಿಲ್ಲದಿಲ್ಲ. ಕೊಕ್ಕೆಗಳಲ್ಲಿ ನೂಲಿನ ಕಸ ತುಂಬಿದರೆ ಹಿಡಿತವು ಸಡಿಲಿ ಆಟದ ನಡುವೆಯೇ ಪಟ್ಟಿ ಬಿಚ್ಚಿಕೊಳ್ಳುವುದು. ಒರಟಾದ ಅಂಚು ಜೊತೆಗಾರನ ಕೆನ್ನೆಯನ್ನೋ ಕಣ್ಣನ್ನೋ ಗೀರುವುದು. ದಾರದ ತುದಿಯೂ ಗಂಟೂ ಹಾಗೆಯೇ ಗೀರಬಲ್ಲುವು. ಅದಕ್ಕಾಗಿಯೇ ಪಂದ್ಯಗಳಲ್ಲಿ ದಾರದ ಮೇಲೆ ಅಂಟುಪಟ್ಟಿಯನ್ನು ಸುತ್ತುತ್ತಾರೆ. ಈ ಅಂಶದಲ್ಲಿ ಎರಡೂ ಸಮಾನ. ಎರಡಕ್ಕೂ ಪರಿಹಾರ ಒಂದೇ.

ಹಾಗಾದರೆ ಸಿದ್ಧಾಂತವು ಯಾವುದನ್ನು ಅವಲಂಬಿಸಬೇಕು? ಕಟ್ಟುವ ಕ್ಷಣವನ್ನಲ್ಲ, ಬಿಚ್ಚುವ ಕ್ಷಣವನ್ನು. ಅಭ್ಯಾಸದ ನಡುವೆ ಜೊತೆಗಾರನು ತಲೆಗೆ ಏಟು ಬಿದ್ದು ಕುಸಿದನೆಂದು ಭಾವಿಸಬೇಕು. ಅವನ ಬಾಯೊಳಗಿನ ಹಲ್ಲುಗಾಪನ್ನು ತೆಗೆಯಬೇಕು, ಶಿರಸ್ತ್ರಾಣವನ್ನು ಸಡಿಲಿಸಬೇಕು, ಉಸಿರಾಟವನ್ನು ನೋಡಬೇಕು. ಗವಸಿನೊಳಗಿರುವ ಬೆರಳುಗಳಿಂದ ಇದಾವುದೂ ಸಾಧ್ಯವಲ್ಲ. ವೆಲ್ಕ್ರೋ ತೊಟ್ಟವನು ಹಲ್ಲಿನಿಂದ ಪಟ್ಟಿಯನ್ನು ಎಳೆದು ಕ್ಷಣದಲ್ಲಿ ಕೈಯನ್ನು ಬಿಡಿಸಿಕೊಂಡಾನು. ದಾರ ಕಟ್ಟಿದವನು, ಮೂರನೆಯವನೊಬ್ಬನಿಲ್ಲದಿದ್ದರೆ, ತಾನು ಕೆಡಹಿದವನ ಮುಂದೆ ಅಸಹಾಯನಾಗಿ ನಿಲ್ಲಬೇಕಾಗುವುದು. ಹೊಡೆಯುವುದಕ್ಕೆ ಮಾತ್ರ ಯೋಗ್ಯವಾಗಿ, ಎತ್ತುವುದಕ್ಕೆ ಅಯೋಗ್ಯವಾದ ಕೈ ಅಭ್ಯಾಸಶಾಲೆಗೆ ತಕ್ಕುದಲ್ಲ.

ಮಹಾಭಾರತದ ಆದಿಪರ್ವದಲ್ಲಿ ಕುಮಾರರ ವಿದ್ಯಾಪ್ರದರ್ಶನದ ಪ್ರಸಂಗವುಂಟು. ಭೀಮದುರ್ಯೋಧನರು ಗದೆಗಳನ್ನು ಹಿಡಿದು ಕಲಿತ ವಿದ್ಯೆಯನ್ನು ತೋರಿಸಲೆಂದು ರಂಗಕ್ಕಿಳಿದರು. ನೋಡುವವರು ಎರಡು ಪಕ್ಷವಾದರು, ಕೂಗು ಎದ್ದಿತು, ಪ್ರದರ್ಶನವು ಕಲಹವಾಗುವ ಹೊತ್ತಿಗೆ ದ್ರೋಣನು ಅಶ್ವತ್ಥಾಮನನ್ನು ನಡುವೆ ಕಳುಹಿಸಿ ಇಬ್ಬರನ್ನೂ ತಡೆಸಿದನು. ಗದೆಗಳು ಹಿಂದಿದ್ದುವೇ; ಬದಲಾದುದು ಮನಸ್ಸು. ಜೊತೆಗಾರನು ಶತ್ರುವಾಗುವ ಆ ಒಂದು ಗಳಿಗೆಯನ್ನು ಕಂಡುಹಿಡಿದು ತಡೆಯುವವನೊಬ್ಬನಿದ್ದುದರಿಂದ ಅಂದು ಅನರ್ಥ ತಪ್ಪಿತು.

ಇದರಿಂದ ನಿರ್ಣಯವು ತಾನಾಗಿ ಒದಗುತ್ತದೆ. ದ್ರೋಣನಂತೆ ನೋಡುವ ಗುರುವೂ, ಕಟ್ಟಿ ಬಿಚ್ಚುವ ಪರಿಚಾರಕನೂ ಅಭ್ಯಾಸ ಮುಗಿಯುವವರೆಗೆ ಬಳಿಯಲ್ಲಿಯೇ ಇರುವೆಡೆ ದಾರದ ಗವಸು ನಿರ್ದೋಷವಾದುದು. ಮಣಿಕಟ್ಟಿನ ರಕ್ಷಣೆಗೆ ಅದು ಉತ್ತಮವೂ ಅಹುದು. ಅಂತಹವರಿಲ್ಲದ ಕಡೆ, ಇಬ್ಬರೇ ತರುಣರು ಸಂಜೆ ಕಲೆತು ಅಭ್ಯಾಸ ಮಾಡುವ ಕಡೆ, ಕಸ ತೆಗೆದು ಅಂಚು ಮುಚ್ಚಿದ ವೆಲ್ಕ್ರೋ ಪಟ್ಟಿಯೇ ಧರ್ಮಕ್ಕೆ ಸಮೀಪವಾದುದು. ಆದರೆ ಅಂಚಿಗೆ ಸುತ್ತಿದ ಅಂಟುಪಟ್ಟಿಯು ಸುಲಭವಾಗಿ ಕಿತ್ತು ಬರುವಂತಿರಬೇಕು. ಮಣಿಕಟ್ಟಿನ ಬಿಗಿಯಲ್ಲಿ ಆಗುವ ಕೊಂಚ ನಷ್ಟವನ್ನು ಒಳಗೆ ಸುತ್ತುವ ಬಟ್ಟೆಯ ಪಟ್ಟಿಯಿಂದ ಬಹುಮಟ್ಟಿಗೆ ತುಂಬಿಕೊಳ್ಳಬಹುದು. ಸಕಾಲದಲ್ಲಿ ಒದಗದ ಕೈಯ ನಷ್ಟವನ್ನು ಮಾತ್ರ ಯಾವುದೂ ತುಂಬಲಾರದು. ದಾರವನ್ನು ಹಲ್ಲಿನಿಂದಲೇ ಅರೆಬರೆಯಾಗಿ ಬಿಗಿದುಕೊಂಡು ಕಣಕ್ಕಿಳಿಯುವುದಾದರೋ ಎರಡು ಪಕ್ಷಗಳಿಗೂ ಸಲ್ಲದ ಮಧ್ಯಮಮಾರ್ಗ.

ಅಭ್ಯಾಸದ ಜೊತೆಗಾರನು ತನ್ನ ಮುಖವನ್ನೇ ಇನ್ನೊಬ್ಬನ ವಿದ್ಯೆಗಾಗಿ ಒಡ್ಡಿ ನಿಲ್ಲುತ್ತಾನೆ. ಇಂತಹ ಸಾಲವನ್ನು ಕೊಡುವವರು ಲೋಕದಲ್ಲಿ ವಿರಳ. ಅವನನ್ನು ಮತ್ತೆ ಮನೆಗೆ ಸುಖವಾಗಿ ಕಳುಹಿಸುವುದೇ ಆ ಸಾಲದ ತೀರುವಳಿ. ಗವಸನ್ನು ತೊಡುವ ಮೊದಲು ಅದನ್ನು ಎಷ್ಟು ಬೇಗ ಕಳಚಬಲ್ಲೆನೆಂದು ಕೇಳಿಕೊಳ್ಳುವ ಶಿಷ್ಯನು ಆ ತೀರುವಳಿಯನ್ನು ಆಗಲೇ ಆರಂಭಿಸಿದವನು.