ಇಂದಿನ ಚಿಂತನೆ: ದ್ವೀಪಕ್ಕೆ ಪರ್ಮಿಟ್, ಕೆರೆಗೆ ತಡೆ



ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಮಂಜಿಗಳು ಸಾಮಾನು ಹೊತ್ತು ಹೋಗುತ್ತವೆ. ಅಲ್ಲಿನ ಅಮೀನಿ ಮೊದಲಾದ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಇಂದು ಸ್ವಂತ ದೋಣಿ ಇದ್ದರೂ ನೀವಾಗಲಿ ನಾನಾಗಲಿ ಅಲ್ಲಿ ಸುಮ್ಮನೆ ಇಳಿಯುವಂತಿಲ್ಲ. 1967ರ ನಿಯಮದಂತೆ ಪರ್ಮಿಟ್ ಬೇಕು, ದ್ವೀಪದವರಿಗೆ ಬೇಡ.

'ಪ್ರವೇಶವಿಲ್ಲ' ಅನ್ನುವ ಮಾತಿಗೆ ನಮ್ಮ ಮೈ ಉರಿಯುತ್ತದೆ, ಉರಿಯಬೇಕಾದ್ದೇ. 1927ರಲ್ಲಿ ಬಾಬಾಸಾಹೇಬರು ಮಹಾಡದ ಚವದಾರ್ ಕೆರೆಯ ನೀರು ಮುಟ್ಟಿದ್ದು ಅದಕ್ಕೇ. ಆದರೆ ಅವರ ಅಧ್ಯಕ್ಷತೆಯ ಸಮಿತಿ ಕರಡು ಮಾಡಿದ ಸಂವಿಧಾನವೇ 19ನೇ ವಿಧಿಯಲ್ಲಿ ದೇಶದೆಲ್ಲೆಡೆ ಓಡಾಡುವ ಹಕ್ಕು ಕೊಟ್ಟು, ಅದರ 5ನೇ ಉಪವಿಧಿಯಲ್ಲಿ ಪರಿಶಿಷ್ಟ ಪಂಗಡಗಳ ಹಿತಕ್ಕಾಗಿ ಮಿತಿ ಹಾಕಬಹುದು ಎನ್ನುತ್ತದೆ. ಲಕ್ಷದ್ವೀಪದ ಮೂಲನಿವಾಸಿಗಳು ಪರಿಶಿಷ್ಟ ಪಂಗಡದವರು. ಇರುವ ನೆಲ ಒಟ್ಟು 32 ಚದರ ಕಿ.ಮೀ. ದುಡ್ಡಿದ್ದವರೆಲ್ಲ ಹೋಗಿ ನೆಲೆಸಿದರೆ ಅವರು ಎಲ್ಲಿಗೆ ಹೋಗಬೇಕು?

ಇಲ್ಲೂ ಹುಟ್ಟಿನ ಲೆಕ್ಕವೇ ಅಲ್ಲವೇ ಎಂದು ಯಾರಾದರೂ ಕೇಳಬಹುದು. ಹೌದು, ಸುಲಭದ ಪ್ರಶ್ನೆಯಲ್ಲ. ಆದರೆ ಪರ್ಮಿಟ್ ಸಿಗದವನು ಮನೆಗೆ ಮರಳುತ್ತಾನೆ, ಅಷ್ಟೇ. ಅವನನ್ನು ಯಾರೂ ಮೈಲಿಗೆ ಅನ್ನುವುದಿಲ್ಲ. ಕೆರೆಯಿಂದ ಅಟ್ಟಿಸಿಕೊಂಡವನು ಬಾಯಾರಿಕೆಯಲ್ಲೇ ಮರಳಬೇಕಿತ್ತು. ಕರ್ಮದ ತೂಕ ಚೇತನಾದಲ್ಲಿ, ಅಂದರೆ ಉದ್ದೇಶದಲ್ಲಿದೆ ಎಂಬುದು ಭಗವಾನರ ಬೋಧೆ. ತಡೆಗೂ ಅದೇ ಅಳತೆ: ಕಾಪಾಡಲೋ, ಕೀಳು ಮಾಡಲೋ?

ಜಯನಗರ, ಬನಶಂಕರಿಯ ಟು-ಲೆಟ್ ಬೋರ್ಡುಗಳಲ್ಲಿ 'ಸಸ್ಯಾಹಾರಿಗಳಿಗೆ ಮಾತ್ರ' ಎಂದು ಬರೆಸುವವರೂ 'ನಮ್ಮ ಸಂಸ್ಕೃತಿ ಕಾಪಾಡಿಕೊಳ್ಳುತ್ತಿದ್ದೇವೆ' ಅನ್ನುತ್ತಾರೆ. ಅವರ ಬೀದಿಯನ್ನು ನುಂಗಲು ಯಾರೂ ಬಂದಿಲ್ಲ. ಬಂದವನು ಬಾಡಿಗೆಗೆ ಒಂದು ಮನೆ ಕೇಳುತ್ತಿದ್ದಾನೆ.